ಬುತ್ತಿ ಡಬ್ಬಿ

ಬುತ್ತಿ ಡಬ್ಬಿ ಎಂಬುದು ಹೊಲ, ಶಾಲೆ, ಕಚೇರಿ, ಕಾರ್ಖಾನೆ ಅಥವಾ ಪರಸ್ಥಳಕ್ಕೆ ಹೋಗುವವರು ಮನೆಯ ಅಡುಗೆಯನ್ನು ಜೊತೆಯಲ್ಲಿ ಒಯ್ಯಲು ಬಳಸುವ ಮುಚ್ಚಳವುಳ್ಳ ಪಾತ್ರೆ. ಇದನ್ನು ತೊಳೆದು ಮತ್ತೆ ಮತ್ತೆ ಉಪಯೋಗಿಸಲಾಗುತ್ತದೆ. ಊಟದ ಡಬ್ಬಿ, ಟಿಫಿನ್ ಡಬ್ಬಿ, ಟಿಫಿನ್ ಕ್ಯಾರಿಯರ್ ಎಂಬ ಹೆಸರುಗಳೂ ರೂಢಿಯಲ್ಲಿವೆ. ಕಲ್ಯಾಣ ಕರ್ನಾಟಕದ ಕಲಬುರಗಿ ನಗರ ಹಾಗೂ ಕಮಲಾಪುರ ಸೀಮೆಯಲ್ಲಿ ಬುತ್ತಿ ಕಟ್ಟುವ ಪದ್ಧತಿಯು ಜೋಳದ ರೊಟ್ಟಿಯ ಆಹಾರಕ್ರಮದೊಂದಿಗೆ ಬೆಳೆದು ಬಂದಿದೆ. ಒಮ್ಮೆ ಬಳಸಿ ಎಸೆಯುವ ಪ್ಲಾಸ್ಟಿಕ್ ವಸ್ತುಗಳ ಮೇಲೆ ಕರ್ನಾಟಕ ಸರ್ಕಾರವು 2016ರಲ್ಲಿ ಮತ್ತು ಕೇಂದ್ರ ಸರ್ಕಾರವು 2022ರಲ್ಲಿ ನಿರ್ಬಂಧ ಹೇರಿದ ಬಳಿಕ ಈ ಹಳೆಯ ಪದ್ಧತಿಗೆ ಪರಿಸರದ ದೃಷ್ಟಿಯಿಂದ ಹೊಸ ಮಹತ್ವ ಬಂದಿದೆ.

ಪದದ ಅರ್ಥ ಮತ್ತು ಬಳಕೆ

'ಬುತ್ತಿ' ಎಂದರೆ ದಾರಿಯಲ್ಲಿ ಅಥವಾ ಕೆಲಸದ ಸ್ಥಳದಲ್ಲಿ ಉಣ್ಣಲು ಕಟ್ಟಿಕೊಂಡು ಹೋಗುವ ಆಹಾರ. ಬಟ್ಟೆಯಲ್ಲಿ ಕಟ್ಟಿದ್ದು ಬುತ್ತಿಗಂಟು; ಪ್ರಯಾಣಕ್ಕಾಗಿ ಕಟ್ಟಿದ್ದು ದಾರಿಬುತ್ತಿ. ಮೊಸರು ಕಲಸಿದ ಅನ್ನಕ್ಕೆ 'ಮೊಸರುಬುತ್ತಿ' ಎಂಬ ಹೆಸರು ಬಂದಿರುವುದೂ ಈ ಬಳಕೆಯಿಂದಲೇ. 'ಡಬ್ಬಿ' ಎಂಬುದು ಉರ್ದು, ಹಿಂದಿ ಮತ್ತು ಮರಾಠಿಗಳಲ್ಲಿಯೂ ಬಳಕೆಯಲ್ಲಿರುವ ಪದ. 1948ರವರೆಗೆ ಹೈದರಾಬಾದ್ ನಿಜಾಮರ ಆಳ್ವಿಕೆಯಲ್ಲಿದ್ದ ಕಲಬುರಗಿ ಸೀಮೆಯ ಕನ್ನಡದಲ್ಲಿ ಇಂತಹ ಪದಗಳು ಹೇರಳವಾಗಿವೆ. 'ಟಿಫಿನ್' ಎಂಬುದು ಬ್ರಿಟಿಷರ ಆಳ್ವಿಕೆಯ ಕಾಲದಲ್ಲಿ ಭಾರತದ ಇಂಗ್ಲಿಷಿನಲ್ಲಿ ಲಘು ಊಟಕ್ಕೆ ಬಳಕೆಯಾಗುತ್ತಿದ್ದ ಪದವಾಗಿದ್ದು, ಅಲ್ಲಿಂದ ಭಾರತೀಯ ಭಾಷೆಗಳಿಗೆ ಬಂದಿತು.

ಕನ್ನಡದಲ್ಲಿ ಬುತ್ತಿ ಎಂಬ ಮಾತು ಮುಂದಿನ ಅಗತ್ಯಕ್ಕಾಗಿ ಕೂಡಿಟ್ಟುಕೊಂಡ ಸಂಗ್ರಹ ಎಂಬ ಅರ್ಥವನ್ನೂ ಪಡೆದಿದೆ. 'ನೆನಪಿನ ಬುತ್ತಿ', 'ಅನುಭವದ ಬುತ್ತಿ' ಎಂಬ ಪ್ರಯೋಗಗಳು ಇದಕ್ಕೆ ಉದಾಹರಣೆಗಳು. 'ಕಟ್ಟಿಕೊಟ್ಟ ಬುತ್ತಿ, ಹೇಳಿಕೊಟ್ಟ ಮಾತು ಎಷ್ಟು ದಿನ ಬಂದೀತು?' ಎಂಬ ಗಾದೆಯು ನಾಡಿನಾದ್ಯಂತ ಪ್ರಚಲಿತವಾಗಿದೆ.

ಲೋಹದ ಡಬ್ಬಿಗಿಂತ ಹಿಂದಿನ ಸಾಧನಗಳು

ಲೋಹದ ಡಬ್ಬಿಗಳು ಸಾಮಾನ್ಯ ಕುಟುಂಬಗಳ ಕೈಗೆಟಕುವ ಮೊದಲು ಬುತ್ತಿಯನ್ನು ಹೆಚ್ಚಾಗಿ ಅರಿವೆಯಲ್ಲಿ, ಅಂದರೆ ಬಟ್ಟೆಯಲ್ಲಿ ಕಟ್ಟಲಾಗುತ್ತಿತ್ತು. ರೊಟ್ಟಿಗಳನ್ನು ಒಂದರ ಮೇಲೊಂದು ಪೇರಿಸಿ, ನಡುವೆ ಪಲ್ಯ ಅಥವಾ ಹಿಂಡಿ ಇಟ್ಟು, ಮಡಚಿ ಗಂಟು ಕಟ್ಟುವುದು ರೂಢಿ. ಊಟವಾದ ಬಳಿಕ ಅರಿವೆಯನ್ನು ಜಾಡಿಸಿ ಹೆಗಲಿಗೆ ಹಾಕಿಕೊಂಡರೆ ಕೆಲಸ ಮುಗಿಯಿತು; ಒಗೆದ ಮೇಲೆ ಅದು ಮರುದಿನಕ್ಕೆ ಸಿದ್ಧವಾಗುತ್ತಿತ್ತು.

ಹೊಲದಲ್ಲಿ ಹಲವರು ದುಡಿಯುವಾಗ ಮನೆಯ ಹೆಂಗಸರು ಬಿದಿರಿನ ಬುಟ್ಟಿಯಲ್ಲಿ ರೊಟ್ಟಿ, ಪಲ್ಯ, ಮೊಸರು, ಮಜ್ಜಿಗೆಗಳನ್ನು ಇಟ್ಟು, ತಲೆಯ ಮೇಲೆ ಸಿಂಬಿ ಹಾಕಿಕೊಂಡು ಹೊತ್ತೊಯ್ಯುತ್ತಿದ್ದರು. ಬುಟ್ಟಿ ಹೆಣೆಯುವುದು ಮೇದಾರರ ಕುಲಕಸುಬು. ಬಿದಿರಿನ ಹೆಣಿಗೆಯಲ್ಲಿ ಗಾಳಿಯಾಡುವುದರಿಂದ ಬಿಸಿ ರೊಟ್ಟಿಯ ಹಬೆ ಹೊರಹೋಗಿ ರೊಟ್ಟಿ ನೀರೊಡೆಯುವುದಿಲ್ಲ. ಕುಡಿಯುವ ನೀರಿಗೆ ಮಣ್ಣಿನ ತತ್ರಾಣಿ ಅಥವಾ ಒಣಗಿಸಿದ ಸೋರೆ ಬುರುಡೆ ಬಳಕೆಯಲ್ಲಿದ್ದವು. ಮಣ್ಣಿನ ಸೂಕ್ಷ್ಮರಂಧ್ರಗಳಿಂದ ಜಿನುಗಿದ ನೀರು ಆವಿಯಾಗುವಾಗ ಪಾತ್ರೆಯ ಶಾಖವನ್ನು ಹೀರಿಕೊಳ್ಳುವುದರಿಂದ ಬಿರುಬೇಸಿಗೆಯಲ್ಲಿಯೂ ತತ್ರಾಣಿಯ ನೀರು ತಣ್ಣಗಿರುತ್ತಿತ್ತು.

ಒಮ್ಮೆ ಬಳಸಿ ಬಿಡುವ ಸಾಧನಗಳು ಆಗಲೂ ಇದ್ದವು. ಮುತ್ತುಗದ ಎಲೆಗಳನ್ನು ಕಡ್ಡಿಯಿಂದ ಹೆಣೆದು ಮಾಡುವ ಪತ್ರಾವಳಿಗಳು ಮದುವೆ, ಜಾತ್ರೆ ಮತ್ತು ದಾಸೋಹಗಳಲ್ಲಿ ಬಳಕೆಯಾಗುತ್ತಿದ್ದವು. ಉಂಡ ಬಳಿಕ ತಿಪ್ಪೆಗೆ ಬಿದ್ದ ಎಲೆಗಳು ದನಗಳ ಸಗಣಿಯೊಂದಿಗೆ ಕೊಳೆತು ಗೊಬ್ಬರವಾಗುತ್ತಿದ್ದವು. ಹೀಗಾಗಿ ಎಸೆದದ್ದೂ ಬೇರೊಂದು ರೂಪದಲ್ಲಿ ಹೊಲಕ್ಕೆ ಮರಳುತ್ತಿತ್ತು.

ಲೋಹದ ಡಬ್ಬಿಗಳು

ರೈಲು ಸಂಚಾರ ಮತ್ತು ಕಾರ್ಖಾನೆಗಳ ಪಾಳಿ ಕೆಲಸ ಲೋಹದ ಡಬ್ಬಿಗಳ ಬಳಕೆಯನ್ನು ಹೆಚ್ಚಿಸಿದವು. ಮುಂಬಯಿ ಮತ್ತು ಮದರಾಸುಗಳ ಕಡೆಯಿಂದ ಹಾಕುತ್ತ ಬಂದ ರೈಲು ಹಳಿಗಳು 1871ರಲ್ಲಿ ರಾಯಚೂರಿನಲ್ಲಿ ಕೂಡಿಕೊಂಡವು; ಕಲಬುರಗಿ ನಗರವು ಈ ಮಾರ್ಗದಲ್ಲಿದೆ. ನಗರದ ಬಟ್ಟೆ ಗಿರಣಿ ಹಾಗೂ ಬೇಳೆ ಗಿರಣಿಗಳು, ಶಹಾಬಾದ ಮತ್ತು ವಾಡಿಯ ಸಿಮೆಂಟ್ ಕಾರ್ಖಾನೆಗಳು ಗೊತ್ತಾದ ಹೊತ್ತಿನಲ್ಲಿ, ಗೊತ್ತಾದ ಜಾಗದಲ್ಲಿ ಕುಳಿತು ಉಣ್ಣುವ ಕಾರ್ಮಿಕ ವರ್ಗವನ್ನು ಸೃಷ್ಟಿಸಿದವು. ಸಾರು, ಬೇಳೆಯಂತಹ ದ್ರವ ಪದಾರ್ಥಗಳನ್ನು ಒಯ್ಯಲು ಅರಿವೆಯ ಗಂಟು ಸಾಲದಾದಾಗ ಬಿಗಿ ಮುಚ್ಚಳದ ಡಬ್ಬಿ ಅನಿವಾರ್ಯವಾಯಿತು.

ಹಿತ್ತಾಳೆ: ಮೊದಲ ತಲೆಮಾರಿನ ಅಡುಕು ಡಬ್ಬಿಗಳಲ್ಲಿ ಹಲವು ಹಿತ್ತಾಳೆಯವು. ಹಿತ್ತಾಳೆಯಲ್ಲಿರುವ ತಾಮ್ರವು ಹುಣಸೆಹಣ್ಣು, ಮೊಸರಿನಂತಹ ಹುಳಿ ಪದಾರ್ಥಗಳೊಂದಿಗೆ ವರ್ತಿಸಿ ಕಿಲುಬು ಉಂಟುಮಾಡುತ್ತದೆ. ಇದನ್ನು ತಡೆಯಲು ಒಳಮೈಗೆ ತವರದ ಲೇಪ ಕೊಡಿಸಬೇಕಾಗುತ್ತಿತ್ತು. ಇದೇ ಕಲಾಯಿ. ಪಾತ್ರೆಯನ್ನು ಕಾಯಿಸಿ, ನವಸಾಗರದ ಪುಡಿ ಹಾಕಿ ಉಜ್ಜಿ, ಸುಮಾರು 232 ಡಿಗ್ರಿ ಸೆಲ್ಸಿಯಸ್‌ನಲ್ಲಿ ಕರಗುವ ತವರವನ್ನು ಬಟ್ಟೆ ಅಥವಾ ಹತ್ತಿಯಿಂದ ತೆಳುವಾಗಿ ಬಳಿಯಲಾಗುತ್ತದೆ. ಕಲಾಯಿ ಸವೆದಂತೆ ಮತ್ತೆ ಹಾಕಿಸಬೇಕು. ಊರೂರು ತಿರುಗುವ ಕಲಾಯಿಗಾರರಿಗೆ ಇದು ಜೀವನೋಪಾಯವಾಗಿತ್ತು.

ಅಲ್ಯೂಮಿನಿಯಂ: ಹಗುರ ಮತ್ತು ಅಗ್ಗವಾದ್ದರಿಂದ ಕಾರ್ಮಿಕರು ಹಾಗೂ ಶಾಲಾ ಮಕ್ಕಳಲ್ಲಿ ಜನಪ್ರಿಯವಾಯಿತು. ಹುಳಿ ಹಾಗೂ ಉಪ್ಪಿನ ಪದಾರ್ಥಗಳನ್ನು ಬಹಳ ಹೊತ್ತು ಇಟ್ಟರೆ ಲೋಹದ ಅಂಶವು ಆಹಾರದಲ್ಲಿ ಸೇರುತ್ತದೆ.

ತುಕ್ಕುರಹಿತ ಉಕ್ಕು: ಆಡುಮಾತಿನಲ್ಲಿ ಇದು 'ಸ್ಟೀಲ್'. ಇದರಲ್ಲಿರುವ ಕ್ರೋಮಿಯಂ ಗಾಳಿಯ ಆಮ್ಲಜನಕದೊಂದಿಗೆ ಸೇರಿ ಕಣ್ಣಿಗೆ ಕಾಣದಷ್ಟು ತೆಳುವಾದ ರಕ್ಷಾಪದರವನ್ನು ನಿರ್ಮಿಸುತ್ತದೆ. ಪಾತ್ರೆ ಗೀಚಿದರೂ ಈ ಪದರ ತಾನಾಗಿಯೇ ಮತ್ತೆ ಮೂಡುವುದರಿಂದ ಕಲಾಯಿಯ ಅಗತ್ಯವಿರುವುದಿಲ್ಲ. ಸುಮಾರು 18 ಶೇಕಡಾ ಕ್ರೋಮಿಯಂ ಮತ್ತು 8 ಶೇಕಡಾ ನಿಕಲ್ ಇರುವ '304' ದರ್ಜೆಯ ಉಕ್ಕು ಆಹಾರದ ಪಾತ್ರೆಗಳಿಗೆ ಉತ್ತಮವೆಂದು ಪರಿಗಣಿತವಾಗಿದೆ. 1980ರ ದಶಕದ ಆರಂಭದಲ್ಲಿ ತಮಿಳುನಾಡಿನ ಸೇಲಂನಲ್ಲಿ ಸರ್ಕಾರಿ ವಲಯದ ಉಕ್ಕಿನ ಸ್ಥಾವರವು ತುಕ್ಕುರಹಿತ ಉಕ್ಕಿನ ಹಾಳೆಗಳನ್ನು ತಯಾರಿಸತೊಡಗಿತು. ಮುಂದಿನ ವರ್ಷಗಳಲ್ಲಿ ಹಿತ್ತಾಳೆಯ ಸ್ಥಾನವನ್ನು ಸ್ಟೀಲ್ ಪಾತ್ರೆಗಳು ಆಕ್ರಮಿಸಿದವು.

ರಚನೆ

ಸಾಮಾನ್ಯ ಬುತ್ತಿ ಡಬ್ಬಿಯು ಒಂದೇ ಅಂಕಣದ, ದುಂಡಗಿನ ಅಥವಾ ಉದ್ದುದ್ದ ಪಾತ್ರೆಯಾಗಿರುತ್ತದೆ. ಪಲ್ಯ ಅಥವಾ ಚಟ್ನಿ ಇಡಲು ಒಳಗೆ ಚಿಕ್ಕ ಬಟ್ಟಲು ಅಥವಾ ತಟ್ಟೆ ಇರುವುದುಂಟು. ಅಡುಕು ಡಬ್ಬಿಯಲ್ಲಿ 2ರಿಂದ 5 ಪಾತ್ರೆಗಳು ಒಂದರ ಮೇಲೊಂದು ಕೂರುತ್ತವೆ. ಪ್ರತಿ ಪಾತ್ರೆಯ ತಳವೇ ಅದರ ಕೆಳಗಿನ ಪಾತ್ರೆಗೆ ಮುಚ್ಚಳವಾಗುತ್ತದೆ. ಎರಡೂ ಬದಿಯ ಪಟ್ಟಿಗಳು ಎಲ್ಲವನ್ನೂ ಬಿಗಿಹಿಡಿದು ಮೇಲ್ಭಾಗದಲ್ಲಿ ಹಿಡಿಕೆಯೊಂದಿಗೆ ಕೂಡಿಕೊಳ್ಳುತ್ತವೆ. ಬಿಸಿಯನ್ನು ಕಾಯ್ದುಕೊಳ್ಳುವ ಡಬ್ಬಿಗಳಲ್ಲಿ ಎರಡು ಗೋಡೆಗಳಿದ್ದು, ಅವುಗಳ ನಡುವೆ ನಿರ್ವಾತ ಅಥವಾ ಶಾಖ ಹರಿಯಗೊಡದ ವಸ್ತುವಿರುತ್ತದೆ.

ಡಬ್ಬಿಯ ಮೇಲೆ ಒಡೆಯರ ಹೆಸರನ್ನು ಕೊರೆಸುವುದು ಕರ್ನಾಟಕದಲ್ಲಿ ವ್ಯಾಪಕವಾದ ರೂಢಿ. ಬಾಂಡೆ ಅಂಗಡಿಗಳಲ್ಲಿ, ಅಂದರೆ ಪಾತ್ರೆ ಅಂಗಡಿಗಳಲ್ಲಿ, ಕೊಂಡ ಪಾತ್ರೆಗೆ ಸಣ್ಣ ಯಂತ್ರದಿಂದ ಹೆಸರು ಕೊರೆದು ಕೊಡುತ್ತಾರೆ. ಮದುವೆ, ಗೃಹಪ್ರವೇಶಗಳಲ್ಲಿ ಉಡುಗೊರೆಯಾಗಿ ಬಂದ ಡಬ್ಬಿಯಲ್ಲಿ ಕೊಟ್ಟವರ ಹೆಸರು ಮತ್ತು ದಿನಾಂಕಗಳಿರುತ್ತವೆ. ಈ ಹೆಸರು ಡಬ್ಬಿ ಎಲ್ಲಿಯೇ ಹೋದರೂ ಮನೆಗೆ ಮರಳುವ ದಾರಿಯನ್ನು ಸೂಚಿಸುತ್ತದೆ.

ಕಲಬುರಗಿ ಸೀಮೆಯ ಬುತ್ತಿ

ಕಲಬುರಗಿ ಜಿಲ್ಲೆಯಲ್ಲಿ ಬೇಸಿಗೆಯ ಉಷ್ಣಾಂಶ 40 ಡಿಗ್ರಿ ಸೆಲ್ಸಿಯಸ್ ದಾಟುವುದು ಸಾಮಾನ್ಯ. ವಿಶ್ವ ಆರೋಗ್ಯ ಸಂಸ್ಥೆಯ ಸೂಚನೆಯಂತೆ ಬೇಯಿಸಿದ ಆಹಾರವನ್ನು ಕೊಠಡಿಯ ಉಷ್ಣಾಂಶದಲ್ಲಿ 2 ಗಂಟೆಗಿಂತ ಹೆಚ್ಚು ಹೊತ್ತು ಬಿಡಬಾರದು. 5ರಿಂದ 60 ಡಿಗ್ರಿಗಳ ನಡುವೆ ರೋಗಾಣುಗಳು ವೇಗವಾಗಿ ಬೆಳೆಯುತ್ತವೆ. ಮುಂಜಾನೆ ಕಟ್ಟಿದ ಬುತ್ತಿಯನ್ನು ಮಧ್ಯಾಹ್ನ ಬಿಚ್ಚುವವರೆಗೆ ಹಲವು ಗಂಟೆಗಳು ಕಳೆಯುತ್ತವೆ. ಈ ಸೀಮೆಯ ಬುತ್ತಿಯಲ್ಲಿ ನೀರಿನಂಶ ಕಡಿಮೆ ಇರುವ ಪದಾರ್ಥಗಳಿಗೆ ಪ್ರಾಧಾನ್ಯ ಇರುವುದು ಇಂತಹ ಹವಾಮಾನಕ್ಕೆ ಒಗ್ಗುವ ಕ್ರಮವಾಗಿದೆ.

ಬುತ್ತಿಯ ಮುಖ್ಯ ಪದಾರ್ಥ ಜೋಳದ ರೊಟ್ಟಿ. ಮೆತ್ತನೆಯ ಬಿಸಿ ರೊಟ್ಟಿಯನ್ನು ಅದೇ ದಿನ ಉಣ್ಣಬೇಕು. ಹಂಚಿನ ಮೇಲೆ ಅಥವಾ ಒಲೆಯ ಬದಿಯಲ್ಲಿ ಚೆನ್ನಾಗಿ ಒಣಗಿಸಿದ ಖಡಕ್ ರೊಟ್ಟಿಯು ತೇವ ತಾಗದಿದ್ದರೆ ಹಲವು ವಾರ ಕೆಡದೆ ಉಳಿಯುತ್ತದೆ. ಇದರ ಜೊತೆಗೆ ಶೇಂಗಾ ಹಿಂಡಿ, ಅಗಸಿ ಹಿಂಡಿ, ಗುರೆಳ್ಳು ಹಿಂಡಿ, ಕೆಂಪು ಖಾರ, ಜುಣಕದ ವಡಿ, ಎಣ್ಣೆಗಾಯಿ, ಉಳ್ಳಾಗಡ್ಡಿ ಮತ್ತು ಹಸಿ ಮೆಣಸಿನಕಾಯಿ ಇರುತ್ತವೆ. ಹಿಂಡಿಗೆ ಬೇಕಾದ ಎಣ್ಣೆ ಅಥವಾ ಮೊಸರನ್ನು ಉಣ್ಣುವ ಹೊತ್ತಿನಲ್ಲಿ ಕಲಸಿಕೊಳ್ಳುವುದರಿಂದ ಅದು ಬೇಗ ಹಳಸುವುದಿಲ್ಲ. ರೊಟ್ಟಿಯು ತಟ್ಟೆಯ ಕೆಲಸವನ್ನೂ ಮಾಡುತ್ತದೆ. ಅಂಗೈಯಲ್ಲಿ ರೊಟ್ಟಿ ಇಟ್ಟುಕೊಂಡು ಅದರ ಮೇಲೆಯೇ ಪಲ್ಯ ಹಾಕಿಸಿಕೊಂಡು ಉಣ್ಣುವುದು ಹೊಲಗಳಲ್ಲಿ ಸಾಮಾನ್ಯ.

ಕಲಬುರಗಿ ನಗರದಿಂದ ಹುಮನಾಬಾದ ಕಡೆಗೆ ಹೋಗುವ ರಾಷ್ಟ್ರೀಯ ಹೆದ್ದಾರಿಯಲ್ಲಿ ಸುಮಾರು 35–40 ಕಿ.ಮೀ. ದೂರದಲ್ಲಿರುವ ಕಮಲಾಪುರವು ಕೆಂಪು ಬಾಳೆಗೆ ಹೆಸರಾಗಿದೆ. ಈ ಹಣ್ಣಿಗೆ ಭೌಗೋಳಿಕ ಸೂಚಕ ಮಾನ್ಯತೆ ದೊರೆತಿದೆ. ದಪ್ಪ ಸಿಪ್ಪೆಯೇ ಹೊದಿಕೆಯಾಗಿರುವ ಬಾಳೆಹಣ್ಣು ಯಾವ ಡಬ್ಬಿಯ ಹಂಗೂ ಇಲ್ಲದೆ ಒಯ್ಯಬಹುದಾದ ದಾರಿಬುತ್ತಿ. ಉಳಿಯುವ ಸಿಪ್ಪೆ ದನಗಳಿಗೆ ಮೇವಾಗುತ್ತದೆ. ಬೀದರ್–ಕಲಬುರಗಿ ರೈಲು ಮಾರ್ಗವು 2017ರಲ್ಲಿ ಉದ್ಘಾಟನೆಯಾದ ಬಳಿಕ ಕಮಲಾಪುರಕ್ಕೆ ರಸ್ತೆಯ ಜೊತೆಗೆ ರೈಲಿನ ಸಂಪರ್ಕವೂ ದೊರೆಯಿತು. ಪ್ರತಿದಿನ ನಗರಕ್ಕೆ ಹೋಗಿ ಬರುವ ವಿದ್ಯಾರ್ಥಿಗಳು, ನೌಕರರು ಹಾಗೂ ಕೂಲಿಕಾರರಿಗೆ ಮಧ್ಯಾಹ್ನದ ಊಟವು ಇಂದಿಗೂ ನಿತ್ಯದ ಪ್ರಶ್ನೆಯೇ ಆಗಿದೆ.

ಬಸ್ಸಿನಲ್ಲಿ ಬರುವ ಬುತ್ತಿ

ಕಲಬುರಗಿ, ವಿಜಯಪುರ, ಧಾರವಾಡ ಮೊದಲಾದ ಉತ್ತರ ಕರ್ನಾಟಕದ ಶಿಕ್ಷಣ ಕೇಂದ್ರಗಳಲ್ಲಿ ಹಳ್ಳಿಯ ತಂದೆತಾಯಿಗಳು ನಗರದಲ್ಲಿ ಓದುವ ಮಕ್ಕಳಿಗೆ ಬಸ್ಸಿನ ಮೂಲಕ ಬುತ್ತಿ ಕಳುಹಿಸುವ ಪದ್ಧತಿ ಬಹುಕಾಲ ನಡೆದುಬಂದಿದೆ. ಕಾಲೇಜು ಸೇರಿದ ವಿದ್ಯಾರ್ಥಿಗಳು ಇಬ್ಬರು ಮೂವರು ಕೂಡಿ ಬಾಡಿಗೆ ಕೋಣೆಯಲ್ಲಿ ಇರುತ್ತಿದ್ದರು. ಊರಿನಿಂದ ಮುಂಜಾನೆ ಹೊರಡುವ ಬಸ್ಸಿಗೆ ಮನೆಯವರು ಡಬ್ಬಿಯನ್ನು ಕೈಚೀಲದಲ್ಲಿ ಹಾಕಿ ಅಥವಾ ಹಗ್ಗದಿಂದ ಬಿಗಿದು ಒಪ್ಪಿಸುತ್ತಿದ್ದರು. ಡಬ್ಬಿಯ ಮೇಲೆ ವಿದ್ಯಾರ್ಥಿಯ ಹೆಸರು ಮತ್ತು ಊರನ್ನು ಬಣ್ಣದಲ್ಲಿ ಬರೆದಿರುತ್ತಿತ್ತು. ಚಾಲಕರ ಆಸನದ ಬಳಿ ಸಾಲಾಗಿ ಇಟ್ಟ ಡಬ್ಬಿಗಳನ್ನು ವಿದ್ಯಾರ್ಥಿಗಳು ಬಸ್ ನಿಲ್ದಾಣಕ್ಕೆ ಬಂದು ಇಳಿಸಿಕೊಂಡು, ಹಿಂದಿನ ದಿನದ ಖಾಲಿ ಡಬ್ಬಿಯನ್ನು ಅದೇ ಬಸ್ಸಿನಲ್ಲಿ ಊರಿಗೆ ಮರಳಿಸುತ್ತಿದ್ದರು.

ಈ ವ್ಯವಸ್ಥೆಗೆ ಪ್ರತಿ ವಿದ್ಯಾರ್ಥಿಗೆ ಕನಿಷ್ಠ ಎರಡು ಡಬ್ಬಿಗಳು ಬೇಕಾಗುತ್ತಿದ್ದವು: ಒಂದು ನಗರದಲ್ಲಿ, ಇನ್ನೊಂದು ಊರಿನಲ್ಲಿ. ಬಸ್ಸು ತಡವಾದರೆ ಅಥವಾ ಬಾರದಿದ್ದರೆ ಆ ಹೊತ್ತಿನ ಊಟಕ್ಕೆ ಸಂಚಕಾರ ಬರುತ್ತಿತ್ತು. ಅಂತಹ ದಿನ ಕೋಣೆಯ ಒಬ್ಬರ ಬುತ್ತಿಯನ್ನು ಉಳಿದವರು ಹಂಚಿಕೊಳ್ಳುವುದು ವಾಡಿಕೆ. ಹೋಟೆಲಿನ ಊಟಕ್ಕೆ ಹಣವಿಲ್ಲದ, ವಸತಿನಿಲಯದಲ್ಲಿ ಜಾಗ ಸಿಗದ ರೈತ ಮತ್ತು ಕೂಲಿಕಾರ ಕುಟುಂಬಗಳ ಮಕ್ಕಳಿಗೆ ಉನ್ನತ ಶಿಕ್ಷಣ ಸಾಧ್ಯವಾಗುವುದರಲ್ಲಿ ಬಸ್ಸಿನ ಬುತ್ತಿಯ ಪಾಲು ದೊಡ್ಡದು. ವಸತಿನಿಲಯಗಳು ಹಾಗೂ ಖಾಸಗಿ ಊಟದ ಮನೆಗಳು ಹೆಚ್ಚಿದಂತೆ ಪದ್ಧತಿ ಕ್ಷೀಣಿಸುತ್ತ ಬಂದಿದೆ.

ಖಾನಾವಳಿಗಳ ಡಬ್ಬಿ ವ್ಯವಸ್ಥೆಯೂ ಇದೇ ತತ್ತ್ವವನ್ನು ಅನುಸರಿಸುತ್ತದೆ. ತಿಂಗಳ ಲೆಕ್ಕದಲ್ಲಿ ಹಣ ಪಡೆದು ಮನೆಗೆ ಅಥವಾ ಕೋಣೆಗೆ ಊಟ ಕಳುಹಿಸುವ ಖಾನಾವಳಿಯವರು ತುಂಬಿದ ಡಬ್ಬಿ ಕೊಟ್ಟು ಖಾಲಿ ಡಬ್ಬಿಯನ್ನು ಒಯ್ಯುತ್ತಾರೆ. ಗಿರಾಕಿಯ ಪರಿಚಯ ಇರುವುದರಿಂದ ಮತ್ತು ಮರುದಿನ ಮತ್ತೆ ಭೇಟಿಯಾಗುವುದರಿಂದ ಡಬ್ಬಿ ಕಳೆದುಹೋಗುವ ಸಂಭವ ಕಡಿಮೆ.

ಶಾಲೆಗಳಲ್ಲಿ

ಕರ್ನಾಟಕದ ಮಧ್ಯಾಹ್ನದ ಬಿಸಿಯೂಟ ಯೋಜನೆಯಾದ 'ಅಕ್ಷರ ದಾಸೋಹ'ವು 2002ರ ಜೂನ್‌ನಲ್ಲಿ ಮೊದಲು ಕಲಬುರಗಿಯೂ ಸೇರಿದಂತೆ ರಾಜ್ಯದ ಈಶಾನ್ಯ ಭಾಗದ 7 ಜಿಲ್ಲೆಗಳಲ್ಲಿ ಆರಂಭವಾಯಿತು. ಮಕ್ಕಳಿಗೆ ಶಾಲೆಯಲ್ಲಿಯೇ ಬಿಸಿ ಊಟ ದೊರೆಯತೊಡಗಿದ ಬಳಿಕ ಸರ್ಕಾರಿ ಶಾಲೆಯ ಮಕ್ಕಳ ಪಾಟಿಚೀಲದಲ್ಲಿ ಡಬ್ಬಿಯ ಬದಲು ಊಟದ ತಟ್ಟೆ ಕಾಣಿಸಿಕೊಂಡಿತು. 2013ರಲ್ಲಿ 'ಕ್ಷೀರಭಾಗ್ಯ' ಯೋಜನೆಯಡಿ ಹಾಲು ಕೊಡಲಾರಂಭಿಸಿದಾಗ ಅದರೊಡನೆ ಒಂದು ಲೋಟವೂ ಸೇರಿತು. ಹಲವು ಶಾಲೆಗಳಲ್ಲಿ ತಟ್ಟೆ ಲೋಟಗಳನ್ನು ಶಾಲೆಯಲ್ಲಿಯೇ ಇಡುವ ವ್ಯವಸ್ಥೆ ಇದೆ. ಎರಡೂ ಕ್ರಮಗಳಲ್ಲಿ ಪಾತ್ರೆಗಳು ತೊಳೆದು ಬಳಸುವಂಥವೇ ಆಗಿರುವುದರಿಂದ ಲಕ್ಷಾಂತರ ಮಕ್ಕಳು ನಿತ್ಯ ಉಂಡರೂ ಎಸೆಯುವ ತಟ್ಟೆಗಳ ರಾಶಿ ಬೀಳುವುದಿಲ್ಲ.

ಹಬ್ಬ ಮತ್ತು ಆಚರಣೆಗಳಲ್ಲಿ

ಮಾರ್ಗಶಿರ ಮಾಸದ ಕೊನೆಗೆ ಬರುವ ಎಳ್ಳ ಅಮಾವಾಸ್ಯೆಯು ಕಲಬುರಗಿ ಮತ್ತು ಬೀದರ್ ಸೀಮೆಯ ರೈತರಿಗೆ ದೊಡ್ಡ ಹಬ್ಬ. ಮನೆಮಂದಿಯೆಲ್ಲ ಬುತ್ತಿ ಕಟ್ಟಿಕೊಂಡು ಹೊಲಕ್ಕೆ ಹೋಗಿ, ಬೆಳೆದು ನಿಂತ ಪೈರಿನ ನಡುವೆ ಪೂಜೆ ಸಲ್ಲಿಸಿ, ಭೂಮಿತಾಯಿಗೆ ಚರಗ ಚೆಲ್ಲಿದ ಬಳಿಕ ಒಟ್ಟಿಗೆ ಕುಳಿತು ಉಣ್ಣುತ್ತಾರೆ. ಎಳ್ಳು ಹಚ್ಚಿದ ಸಜ್ಜೆ ರೊಟ್ಟಿ, ಹಲವು ಬಗೆಯ ಕಾಳು ಮತ್ತು ಸೊಪ್ಪುಗಳನ್ನು ಕೂಡಿಸಿ ಮಾಡುವ ಭಜ್ಜಿ, ಕಡುಬು, ಶೇಂಗಾ ಹೋಳಿಗೆ ಹಾಗೂ ಅಂಬಲಿ ಅಂದಿನ ವಿಶೇಷ. ಹೊಲವಿಲ್ಲದ ಬಂಧುಮಿತ್ರರನ್ನು ಆಹ್ವಾನಿಸುವ ಪದ್ಧತಿಯೂ ಇದೆ.

ಗರ್ಭಿಣಿಯಾದ ಮಗಳಿಗೆ ತವರಿನವರು ಅವಳ ಬಯಕೆಯ ತಿನಿಸುಗಳ ಬುತ್ತಿ ಒಯ್ಯುವುದು ಉತ್ತರ ಕರ್ನಾಟಕದಲ್ಲಿ ರೂಢಿಯಲ್ಲಿದೆ. ನೆರೆಮನೆಯಿಂದ ಬಂದ ಪಾತ್ರೆಯನ್ನು ಖಾಲಿಯಾಗಿ ಮರಳಿಸದೆ, ಸ್ವಲ್ಪ ಸಕ್ಕರೆಯನ್ನೋ ಹಣ್ಣನ್ನೋ ಹಾಕಿ ಕೊಡುವುದು ಅನೇಕ ಮನೆಗಳಲ್ಲಿ ಪಾಲಿಸುವ ಮರ್ಯಾದೆ.

ಎಸೆಯುವ ಪೊಟ್ಟಣಗಳು ಮತ್ತು ಕಾನೂನು

ಹೋಟೆಲಿನಿಂದ ಊಟವನ್ನು 'ಪಾರ್ಸೆಲ್' ಒಯ್ಯುವ ಅಭ್ಯಾಸ ಬೆಳೆದಂತೆ ತೆಳು ಪ್ಲಾಸ್ಟಿಕ್ ಚೀಲಗಳು, ಥರ್ಮಾಕೋಲ್ ತಟ್ಟೆಗಳು, ಅಲ್ಯೂಮಿನಿಯಂ ಹಾಳೆ ಹಾಗೂ ಪ್ಲಾಸ್ಟಿಕ್ ಡಬ್ಬಗಳು ಬಳಕೆಗೆ ಬಂದವು. ಬಿಸಿ ಸಾರನ್ನು ತೆಳು ಚೀಲದಲ್ಲಿ ಕಟ್ಟಿಕೊಡುವುದು ಸಣ್ಣ ಪಟ್ಟಣಗಳಲ್ಲಿಯೂ ಸಾಮಾನ್ಯವಾಯಿತು. ಆಹಾರದ ಜಿಡ್ಡು ಅಂಟಿದ ಪ್ಲಾಸ್ಟಿಕ್ಕನ್ನು ಮರುಬಳಕೆಗೆ ಒಳಪಡಿಸುವುದು ಕಷ್ಟ. ಚರಂಡಿಗೆ ಬಿದ್ದ ಚೀಲ ನೀರಿನ ಹರಿವನ್ನು ತಡೆಯುತ್ತದೆ. ಬೀದಿಗೆ ಬಿದ್ದ ಚೀಲವನ್ನು ಆಹಾರದ ವಾಸನೆಗೆ ದನಗಳು ನುಂಗುತ್ತವೆ.

ಇದನ್ನು ನಿಯಂತ್ರಿಸಲು ಕೈಗೊಂಡ ಮುಖ್ಯ ಕ್ರಮಗಳು ಇಂತಿವೆ:

• 2016ರ ಮಾರ್ಚ್ 11ರಂದು ಕರ್ನಾಟಕ ಸರ್ಕಾರವು ಪ್ಲಾಸ್ಟಿಕ್ ಕೈಚೀಲ, ತಟ್ಟೆ, ಲೋಟ, ಚಮಚ ಹಾಗೂ ಊಟದ ಮೇಜಿನ ಮೇಲೆ ಹಾಸುವ ಪ್ಲಾಸ್ಟಿಕ್ ಹಾಳೆ ಮೊದಲಾದವುಗಳ ತಯಾರಿಕೆ, ಮಾರಾಟ ಮತ್ತು ಬಳಕೆಯನ್ನು ನಿಷೇಧಿಸಿ ಅಧಿಸೂಚನೆ ಹೊರಡಿಸಿತು.
• 2018ರ ಆಹಾರ ಸುರಕ್ಷತಾ ಪ್ಯಾಕೇಜಿಂಗ್ ನಿಯಮಗಳು ಆಹಾರವನ್ನು ವೃತ್ತಪತ್ರಿಕೆಯ ಹಾಳೆಯಲ್ಲಿ ಕಟ್ಟುವುದನ್ನು ನಿಷೇಧಿಸಿದವು. ಮುದ್ರಣದ ಶಾಯಿ ಆಹಾರಕ್ಕೆ ಅಂಟುವುದು ಇದಕ್ಕೆ ಕಾರಣ.
• ಕೇಂದ್ರ ಸರ್ಕಾರವು 2021ರ ಆಗಸ್ಟ್‌ನಲ್ಲಿ ಪ್ಲಾಸ್ಟಿಕ್ ತ್ಯಾಜ್ಯ ನಿರ್ವಹಣಾ ನಿಯಮಗಳಿಗೆ ತಿದ್ದುಪಡಿ ತಂದು, 2022ರ ಜುಲೈ 1ರಿಂದ ತಟ್ಟೆ, ಲೋಟ, ಚಮಚ, ಹೀರುಗೊಳವೆ ಮೊದಲಾದ ಒಮ್ಮೆ ಬಳಸುವ ಪ್ಲಾಸ್ಟಿಕ್ ವಸ್ತುಗಳನ್ನು ದೇಶದಾದ್ಯಂತ ನಿಷೇಧಿಸಿತು.
• 2025ರ ಫೆಬ್ರವರಿಯಲ್ಲಿ ಕರ್ನಾಟಕ ಸರ್ಕಾರವು ಹೋಟೆಲುಗಳಲ್ಲಿ ಇಡ್ಲಿ ಬೇಯಿಸಲು ಬಟ್ಟೆಯ ಬದಲು ಪ್ಲಾಸ್ಟಿಕ್ ಹಾಳೆ ಬಳಸುವುದರ ವಿರುದ್ಧ ಕ್ರಮ ಪ್ರಕಟಿಸಿತು.

2022ರ ಕೇಂದ್ರದ ಪಟ್ಟಿಯಲ್ಲಿ ಪಾರ್ಸೆಲ್ ಊಟದ ದಪ್ಪ ಪ್ಲಾಸ್ಟಿಕ್ ಡಬ್ಬಗಳು ಹೆಸರಿಸಲ್ಪಟ್ಟಿಲ್ಲ. ತೆಳು ಚೀಲದ ಜಾಗಕ್ಕೆ ದಪ್ಪ ಡಬ್ಬ ಬಂದಾಗ ಒಂದು ಊಟಕ್ಕೆ ಬಳಕೆಯಾಗುವ ಪ್ಲಾಸ್ಟಿಕ್ಕಿನ ತೂಕ ಹೆಚ್ಚುತ್ತದೆ. ಕೆಲವು ಮನೆಗಳಲ್ಲಿ ಇವುಗಳನ್ನು ತೊಳೆದು ಕಾಳುಕಡಿ ತುಂಬಿಡಲು ಬಳಸುತ್ತಾರೆ.

ಪರಿಸರದ ದೃಷ್ಟಿ

ಒಂದು ಸ್ಟೀಲ್ ಡಬ್ಬಿಯನ್ನು ತಯಾರಿಸಲು ಅದಿರು ತೆಗೆಯುವುದು, ಕರಗಿಸುವುದು ಮತ್ತು ಅಚ್ಚೊತ್ತುವುದಕ್ಕೆ ತಗಲುವ ಶಕ್ತಿಯು ಒಂದು ಎಸೆಯುವ ಡಬ್ಬಕ್ಕೆ ತಗಲುವುದಕ್ಕಿಂತ ಬಹಳ ಹೆಚ್ಚು. ಆದುದರಿಂದ ಕೊಂಡು ಕೆಲವೇ ಸಲ ಬಳಸಿ ಮೂಲೆಗಿಟ್ಟ ಡಬ್ಬಿಯಿಂದ ಪರಿಸರಕ್ಕೆ ಲಾಭವಿಲ್ಲ. ಬಳಕೆಯ ಸಂಖ್ಯೆ ಹೆಚ್ಚಿದಂತೆ ಒಂದು ಊಟದ ಪಾಲಿಗೆ ಬರುವ ಹೊರೆ ಇಳಿಯುತ್ತದೆ. ಉದಾಹರಣೆಗೆ, ವರ್ಷಕ್ಕೆ 200 ದಿನ ಬುತ್ತಿ ಒಯ್ಯುವವರು ಒಂದೇ ಡಬ್ಬಿಯನ್ನು 10 ವರ್ಷ ಬಳಸಿದರೆ 2000 ಊಟಗಳಾಗುತ್ತವೆ. ಅಷ್ಟೇ ಸಂಖ್ಯೆಯ ಎಸೆಯುವ ಡಬ್ಬಗಳು ಉಳಿಯುತ್ತವೆ. ಕೊನೆಗೆ ತೂತುಬಿದ್ದ ಸ್ಟೀಲ್ ಡಬ್ಬಿಯನ್ನೂ ಗುಜರಿಯವರು ತೂಕಕ್ಕೆ ಕೊಳ್ಳುತ್ತಾರೆ. ಆ ಲೋಹ ಕರಗಿ ಹೊಸ ವಸ್ತುವಾಗುತ್ತದೆ.

ಡಬ್ಬಿಯ ವಸ್ತುವಿನಷ್ಟೇ ಮುಖ್ಯವಾದುದು ಅದು ಮರಳಿ ಬರುವ ದಾರಿ. ಮನೆಯಿಂದ ಒಯ್ದವರೇ ಮನೆಗೆ ತರುವ ಬುತ್ತಿ, ಅದೇ ಬಸ್ಸಿನಲ್ಲಿ ಊರಿಗೆ ಹೋಗುವ ಖಾಲಿ ಡಬ್ಬಿ, ಖಾನಾವಳಿಯ ಅದಲುಬದಲು—ಇವೆಲ್ಲವುಗಳಲ್ಲಿ ಮರಳಿಸುವ ಹೊಣೆ ಯಾರದೆಂಬುದು ಮೊದಲೇ ಗೊತ್ತಿರುತ್ತದೆ. ಅಪರಿಚಿತ ಗಿರಾಕಿಗೆ ಊಟ ಮಾರುವ ಹೋಟೆಲಿಗೆ ಇಂತಹ ಖಾತ್ರಿ ಇರುವುದಿಲ್ಲ. ಗಿರಾಕಿಯೇ ಡಬ್ಬಿ ತರುವುದು ಅಥವಾ ಠೇವಣಿ ಪಡೆದು ಡಬ್ಬಿ ಕೊಡುವುದು ಇದಕ್ಕೆ ಪರಿಹಾರಗಳು.

ತೊಳೆಯುವ ನೀರೂ ಲೆಕ್ಕಕ್ಕೆ ಸೇರಬೇಕು. ಬೇಸಿಗೆಯಲ್ಲಿ ನೀರಿನ ಅಭಾವ ಕಾಣುವ ಕಲಬುರಗಿಯಂತಹ ಸೀಮೆಯಲ್ಲಿ ಇದು ಗಣನೀಯ ಸಂಗತಿ. ರೊಟ್ಟಿ, ಹಿಂಡಿಗಳ ಒಣ ಬುತ್ತಿಯ ಡಬ್ಬಿಗೆ ಜಿಡ್ಡು ಕಡಿಮೆ ಅಂಟುವುದರಿಂದ ಸ್ವಲ್ಪ ನೀರು ಸಾಕಾಗುತ್ತದೆ. ಉಂಡ ಕೂಡಲೇ ಒರೆಸಿಡುವುದು, ಹರಿಯುವ ನಲ್ಲಿಯ ಬದಲು ಬುಟ್ಟಿಯಲ್ಲಿ ನೀರು ಹಿಡಿದು ತೊಳೆಯುವುದು ನೀರಿನ ಮಿತವ್ಯಯಕ್ಕೆ ಸಹಾಯಕ.

ಸುರಕ್ಷತೆ ಮತ್ತು ನಿರ್ವಹಣೆ

• ಕಲಾಯಿ ಇಲ್ಲದ ಹಿತ್ತಾಳೆ, ತಾಮ್ರದ ಪಾತ್ರೆಗಳಲ್ಲಿ ಮೊಸರು, ಹುಳಿ, ಉಪ್ಪಿನಕಾಯಿಗಳನ್ನು ಇಡಬಾರದು. ಅಲ್ಯೂಮಿನಿಯಂ ಡಬ್ಬಿಯಲ್ಲಿಯೂ ಇವುಗಳನ್ನು ಬಹಳ ಹೊತ್ತು ಇಡುವುದು ಸೂಕ್ತವಲ್ಲ.
• ಕುದಿಯುವ ಸಾರನ್ನು ಪ್ಲಾಸ್ಟಿಕ್ ಡಬ್ಬಿಗೆ ಹಾಕಬಾರದು. ತಳದಲ್ಲಿ ತ್ರಿಕೋನದೊಳಗೆ 5 ಎಂಬ ಸಂಖ್ಯೆ ಇರುವ ಪಾಲಿಪ್ರೊಪಿಲೀನ್ ಉಳಿದ ಹಲವು ಪ್ಲಾಸ್ಟಿಕ್‌ಗಳಿಗಿಂತ ಹೆಚ್ಚು ಶಾಖ ತಡೆಯುತ್ತದೆ. ಒಡಕು, ಗೀರು ಮೂಡಿದ ಡಬ್ಬಿಯನ್ನು ಆಹಾರಕ್ಕೆ ಬಳಸಬಾರದು.
• ಬಿಸಿ ರೊಟ್ಟಿಯನ್ನು ಆರದೆ ಡಬ್ಬಿಯಲ್ಲಿ ಮುಚ್ಚಿದರೆ ಹಬೆ ನೀರಾಗಿ ರೊಟ್ಟಿ ಕೆಡುತ್ತದೆ. ತೆಳುವಾದ ಹತ್ತಿ ಬಟ್ಟೆಯಲ್ಲಿ ಸುತ್ತಿ ಇಟ್ಟರೆ ಬಟ್ಟೆಯು ತೇವವನ್ನು ಹೀರಿಕೊಳ್ಳುತ್ತದೆ.
• ಮುಚ್ಚಳದ ರಬ್ಬರ್ ಸುತ್ತನ್ನು ಆಗಾಗ ಬಿಚ್ಚಿ ತೊಳೆದು ಒಣಗಿಸಬೇಕು. ಅಲ್ಲಿ ನಿಲ್ಲುವ ಆಹಾರದ ಕಣಗಳಿಂದ ಬೂಷ್ಟು ಬೆಳೆಯುತ್ತದೆ.
• ಅನ್ನ, ಬೇಳೆ, ಪಲ್ಯಗಳನ್ನು ಬೇಸಿಗೆಯಲ್ಲಿ ಬಹಳ ಹೊತ್ತು ಇಡುವುದಾದರೆ ಬಿಸಿ ಕಾಯುವ ಡಬ್ಬಿ ಬಳಸುವುದು ಒಳ್ಳೆಯದು.

ಇತರೆಡೆಯ ವ್ಯವಸ್ಥೆಗಳು

ಮುಂಬಯಿಯಲ್ಲಿ 1890ರಲ್ಲಿ ಮಹಾದೇವ ಹಾವಜಿ ಬಚ್ಚೆ ಅವರು ಆರಂಭಿಸಿದ ಡಬ್ಬಾವಾಲಾ ಸೇವೆಯು ಮನೆಯ ಊಟವನ್ನು ಕಚೇರಿಗೆ ತಲುಪಿಸಿ, ಖಾಲಿ ಡಬ್ಬಿಯನ್ನು ಅದೇ ದಿನ ಮನೆಗೆ ಮರಳಿಸುತ್ತದೆ. ಡಬ್ಬಿಯ ಮೇಲಿನ ಬಣ್ಣ, ಅಕ್ಷರ ಹಾಗೂ ಅಂಕಿಗಳ ಸಂಕೇತವು ಅದು ಹೊರಟ ಮತ್ತು ಸೇರಬೇಕಾದ ಸ್ಥಳಗಳನ್ನು ಸೂಚಿಸುತ್ತದೆ. ಬೆಂಗಳೂರಿನಲ್ಲಿ 'ಅದಮ್ಯ ಚೇತನ' ಸಂಸ್ಥೆಯು ಸಮಾರಂಭಗಳಿಗೆ ಸ್ಟೀಲ್ ತಟ್ಟೆ ಲೋಟಗಳನ್ನು ಎರವಲು ಕೊಡುವ 'ತಟ್ಟೆ ಬ್ಯಾಂಕ್' ನಡೆಸುತ್ತಿದೆ. ಜರ್ಮನಿಯಲ್ಲಿ 2023ರ ಜನವರಿ 1ರಿಂದ ಊಟವನ್ನು ಒಯ್ಯಲು ಕೊಡುವ ದೊಡ್ಡ ಉಪಾಹಾರ ಗೃಹಗಳು ಮರುಬಳಕೆಯ ಪಾತ್ರೆಯ ಆಯ್ಕೆಯನ್ನೂ ನೀಡಬೇಕೆಂಬ ಕಾನೂನು ಜಾರಿಯಲ್ಲಿದೆ. ಚಿಕ್ಕ ಅಂಗಡಿಗಳು ಗಿರಾಕಿಯೇ ತಂದ ಪಾತ್ರೆಗೆ ಆಹಾರ ತುಂಬಿಕೊಡಬೇಕು.

ಮಿತಿಗಳು

ಬುತ್ತಿ ಕಟ್ಟಲು ಯಾರಾದರೂ ಬೆಳಗಿನ ಜಾವ ಎದ್ದು ರೊಟ್ಟಿ ಬಡಿಯಬೇಕು. ಸಂಜೆ ಡಬ್ಬಿ ತೊಳೆಯಬೇಕು. ಬಹುತೇಕ ಕುಟುಂಬಗಳಲ್ಲಿ ಈ ದುಡಿಮೆ ಹೆಂಗಸರ ಪಾಲಿಗೆ ಬಂದಿದೆ. ಹೊರಗೆ ದುಡಿಯುವ ಮಹಿಳೆಯರ ಸಂಖ್ಯೆ ಹೆಚ್ಚಿರುವಾಗ ಪಾರ್ಸೆಲ್ ಊಟದ ಮೊರೆಹೋಗುವುದು ಸೋಮಾರಿತನದ ಲಕ್ಷಣವೆಂದು ಹೇಳಲಾಗದು. ಜೋಳದ ರೊಟ್ಟಿ ಮಾಡಿ ಮಾರುವ ಮನೆಗಳು ಹಾಗೂ 'ಕಲಬುರಗಿ ರೊಟ್ಟಿ' ಎಂಬ ಹೆಸರಿನಲ್ಲಿ ಸ್ವಸಹಾಯ ಗುಂಪುಗಳ ಮಹಿಳೆಯರು ನಡೆಸುತ್ತಿರುವ ಉದ್ಯಮವು ಈ ದುಡಿಮೆಗೆ ಬೆಲೆ ತಂದುಕೊಟ್ಟಿವೆ. ರೊಟ್ಟಿಯನ್ನು ಕೊಂಡು ತಂದರೂ ಮನೆಯ ಡಬ್ಬಿಯಲ್ಲಿ ಒಯ್ದರೆ ಎಸೆಯುವ ಪೊಟ್ಟಣದ ಅಗತ್ಯ ತಪ್ಪುತ್ತದೆ.

ಊರಿಂದೂರಿಗೆ ದುಡಿಯಲು ಹೋಗುವ ಕೂಲಿಕಾರರಿಗೆ, ನಿಂತಲ್ಲಿ ನೀರು ಸಿಗದ ಚಾಲಕರಿಗೆ, ಕೆಲಸದ ಸ್ಥಳದಲ್ಲಿ ಕುಳಿತು ಉಣ್ಣಲು ಜಾಗವಿಲ್ಲದವರಿಗೆ ಡಬ್ಬಿ ಒಯ್ಯುವುದು ಸುಲಭವಲ್ಲ. ಕುಡಿಯುವ ನೀರು, ಕೈ ಮತ್ತು ಪಾತ್ರೆ ತೊಳೆಯುವ ತೊಟ್ಟಿ, ನೆರಳಿನಲ್ಲಿ ಕೂರುವ ಜಾಗ—ಬಸ್ ನಿಲ್ದಾಣ, ಮಾರುಕಟ್ಟೆ ಹಾಗೂ ಕಾಲೇಜುಗಳಲ್ಲಿ ಇವು ದೊರೆತರೆ ಬುತ್ತಿ ಡಬ್ಬಿಯ ಬಳಕೆಗೆ ಅನುಕೂಲವಾಗುತ್ತದೆ.

ಇವನ್ನೂ ನೋಡಿ

• ಜೋಳದ ರೊಟ್ಟಿ
• ಎಳ್ಳ ಅಮಾವಾಸ್ಯೆ
• ಅಕ್ಷರ ದಾಸೋಹ
• ಕಮಲಾಪುರ ಕೆಂಪು ಬಾಳೆ
• ಖಾನಾವಳಿ
• ಮುಂಬಯಿಯ ಡಬ್ಬಾವಾಲಾಗಳು